ಹೊರಗೆ ನಿಂತು ಮಾಡಿದ ನಳ

ಮಾರೆಪ್ಪನವರು ನಮ್ಮ ಅಡುಗೆಮನೆಯ ನಳವನ್ನು ಹದಿನೆಂಟು ವರ್ಷ ರಿಪೇರಿ ಮಾಡಿದರು. ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಅದನ್ನು ಕಣ್ಣಿಂದ ನೋಡಲಿಲ್ಲ.

ಹೇಗೆಂದು ಮೊದಲೇ ಹೇಳಿಬಿಡುತ್ತೇನೆ. ರಾಯಚೂರಿನ ನಮ್ಮ ಮನೆಯ ಹಿತ್ತಲಲ್ಲಿ, ಅಡುಗೆಮನೆಯ ಕಿಟಕಿಯ ಹೊರಗೆ ಅವರು ನಿಲ್ಲುತ್ತಿದ್ದರು. ಬೆನ್ನು ಕಿಟಕಿಗೆ, ಮುಖ ನಿಂಬೆಗಿಡಕ್ಕೆ. ಹೆಂಗಸರು ಓಡಾಡುವ ಜಾಗಕ್ಕೆ ಇಣುಕಬಾರದು ಎಂಬುದು ಅವರು ತಮಗೆ ತಾವೇ ಹಾಕಿಕೊಂಡ ಕಟ್ಟಳೆ. ಇಣುಕಿದ್ದರೂ ನಳ ಕಾಣುತ್ತಿರಲಿಲ್ಲ. ಕಿಟಕಿ, ನಳ ಎರಡೂ ಒಂದೇ ಗೋಡೆಯಲ್ಲಿದ್ದವು. ಮರದ ಹಿಡಿಯ ಉದ್ದನೆಯ ಸ್ಕ್ರೂಡ್ರೈವರೊಂದು ಅವರ ಬಳಿ ಇತ್ತು. ಮಾಳಿಗೆಯ ನೀರಿನ ಟಾಕಿಯಿಂದ ಹೊರಗೋಡೆಗುಂಟ ಇಳಿದ ಪೈಪಿಗೆ ಅದರ ತುದಿ ಊರಿ, ಹಿಡಿಯನ್ನು ಬಲಗಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಕೇಳುತ್ತಿದ್ದರು. ಒಳಗೆ ಪಾನಾ, ಅಂದರೆ ಸ್ಪ್ಯಾನರ್, ಹಿಡಿದು ನಳದ ಮುಂದೆ ನಿಂತವಳು ನಾನು. ಅವರು ಹೇಳಿದಂತೆ ತಿರುಗಿಸುವುದು, ಬಿಚ್ಚುವುದು, ಮತ್ತೆ ಕೂಡಿಸುವುದು ನನ್ನ ಕೆಲಸ.

"ಹಾಂ, ತಡೀರಿ ಅಕ್ಕಾರ. ಈಗ ಅದು ಉಸಿರು ಬಿಟ್ಟಿತು. ಇನ್ನ ಜರಾ... ಜರಾ... ಸಾಕು! ಸಾಕಂದ್ರ ಸಾಕು. ಹಿತ್ತಾಳಿಗೆ ಜೋರು ತೋರಿಸಬ್ಯಾಡ್ರಿ, ಮನಸ್ಸಿಗೆ ಹಚ್ಕೊಂತದ."

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕಾರು ಅನ್ನುತ್ತಾರೆ. ನಾನು ಮಾನ್ವಿಯ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ದಿನವೂ ರಾಯಚೂರಿನಿಂದ ಬಸ್ಸಿನಲ್ಲಿ ಹೋಗಿಬರುತ್ತೇನೆ. ನಳದ ಕೆಲಸ ಕಲಿತದ್ದು ಮದುವೆಯಾಗಿ ಈ ಮನೆಗೆ ಬಂದ ಮೊದಲ ವರ್ಷ.

ನಮ್ಮ ಓಣಿಯ ನೀರು ಸವಳು. ನಳದ ಮೂತಿಗೆ ಬಿಳಿ ಉಪ್ಪು ಕಟ್ಟುತ್ತದೆ, ಒಳಗಿನ ವಾಶರ್ ಮೂರು ತಿಂಗಳಿಗೆ ಕಲ್ಲಾಗುತ್ತದೆ. ಆ ವರ್ಷ ಅಡುಗೆಮನೆಯ ನಳ ಸೋರತೊಡಗಿದಾಗ ನನ್ನ ಗಂಡ ಯಾರಲ್ಲೋ ವಿಚಾರಿಸಿ ಮಾರೆಪ್ಪನವರನ್ನು ಕರೆಸಿದರು. ಅವರು ಹಿತ್ತಲ ಬಾಗಿಲಿಗೆ ಬಂದರು. ಅತ್ತೆ ಹೊಸ್ತಿಲ ಒಳಗೆ ನಿಂತು ಕೇಳಿದರು:

"ಯಾವೂರಪ್ಪಾ ನಿಂದು?"

"ಮಸರಕಲ್ ರೀ ಯವ್ವಾ. ದೇವದುರ್ಗ ತಾಲ್ಲೂಕು."

"ಮಸರಕಲ್‌ದಾಗ ಎಲ್ಲಿ?"

ಈ ಎರಡನೆಯ ಪ್ರಶ್ನೆ ಯಾತಕ್ಕೆಂದು ಕೇಳಿದವರಿಗೂ ಗೊತ್ತು, ಕೇಳಿಸಿಕೊಂಡವರಿಗೂ ಗೊತ್ತು. ಮಾರೆಪ್ಪನವರು ಸುಳ್ಳು ಹೇಳಬಹುದಿತ್ತು.

"ಊರ ಹೊರಗ ರೀ. ಕೇರ್ಯಾಗ."

"ಹಂಗಾದ್ರ ಬಚ್ಚಲದ ನಳ ನೋಡು. ಅಡಗಿಮನಿದು ಬ್ಯಾಡ."

"ಸೋರಾಕತ್ತಿದ್ದು ಅಡಗಿಮನಿದಲ್ರಿ?"

"ಸೋರಲಿ."

ಮಾರೆಪ್ಪನವರು ಸಿಟ್ಟಾಗಲಿಲ್ಲ. ಕೈಚೀಲದಿಂದ ಪಾನಾ ತೆಗೆದು ಹೊಸ್ತಿಲ ಮೇಲಿಟ್ಟರು. "ಸೋರೂ ನೀರಿಗೆ ಮಡಿ ಗೊತ್ತಾಗಂಗಿಲ್ರಿ ಯವ್ವಾ. ಟಾಕಿ ಖಾಲಿ ಮಾಡಿಬಿಡ್ತದ. ಒಳಗ ಯಾರರೆ ತಿರುವ್ರಿ, ನಾ ಹೊರಗ ನಿಂತು ಹೇಳ್ತೀನಿ."

ಅತ್ತೆ ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ಆ ಕಬ್ಬಿಣದ ಪಾನಾದ ಮೇಲೆ ನೀರು ಸುರಿದು, ಹಿತ್ತಾಳೆ ಚೆಂಬಿಗೆ ಉಜ್ಜುವಂತೆ ಹುಣಸೆಹಣ್ಣು ಹಚ್ಚಿ ಉಜ್ಜಿ, ನನ್ನ ಕೈಗೆ ಕೊಟ್ಟರು. ಹೀಗೆ ಶುರುವಾದದ್ದು ಹದಿನೆಂಟು ವರ್ಷ ನಡೆಯಿತು.

ಅವರ ಕಿವಿಯ ಬಗ್ಗೆ ಹೇಳಲೇಬೇಕು. ನಾನು ನಳ ಬಿಟ್ಟು ಕೊಡ ಹಿಡಿದರೆ, ಅದು ಸ್ಟೀಲಿನದೋ ತಾಮ್ರದ್ದೋ ಎಂದು ಹೊರಗಿನಿಂದ ಹೇಳುತ್ತಿದ್ದರು. "ಕಂಠದ ಮಟ ಬಂತು, ತಗೀರಿ" ಅನ್ನುವಾಗ ಕೊಡ ನಿಜವಾಗಿ ಕಂಠದ ಮಟ್ಟಕ್ಕೆ ಬಂದಿರುತ್ತಿತ್ತು. ನಾನು ವಾಶರನ್ನು ಓರೆಯಾಗಿ ಕೂಡಿಸಿದ್ದರೆ, ನೀರು ಬಿಡುವ ಮೊದಲೇ, ಬರೀ ಪಾನಾ ತಿರುಗುವ ಸದ್ದಿನಿಂದ ಅವರಿಗೆ ತಿಳಿಯುತ್ತಿತ್ತು. "ಅಕ್ಕಾರ, ಅದು ಮಗ್ಗಲಾಗಿ ಮಲಕ್ಕೊಂಡದ. ಎಬ್ಬಿಸಿ ನೆಟ್ಟಗ ಕೂಡಸ್ರಿ."

ನಾನು ನಿಧಾನ. ಅದನ್ನು ಅವರು ಸುಮ್ಮನೆ ಬಿಡುತ್ತಿರಲಿಲ್ಲ. "ಮಕ್ಕಳಿಗಿ ಗಣಿತ ಹ್ಯಾಂಗ ಕಲಸ್ತೀರೋ ಏನೋ. ಒಂದು ಸುತ್ತು ತಿರುವಾಕ ಒಂದು ಪಿರೇಡ್ ಮುಗಿತು!" ಎಂದು ನಿಂಬೆಗಿಡಕ್ಕೆ ಹೇಳುತ್ತಿದ್ದರು. ಅತ್ತೆಗೂ ನಗು ಬರುತ್ತಿತ್ತು. ಅತ್ತೆ ಕೆಟ್ಟವರಾಗಿರಲಿಲ್ಲ ಎಂದು ಬರೆಯಬೇಕೆನಿಸುತ್ತದೆ. ಕೆಲಸ ಮುಗಿದ ಮೇಲೆ ಮಾರೆಪ್ಪನವರಿಗೆ ಉಪ್ಪಿಟ್ಟೋ ಅವಲಕ್ಕಿಯೋ ಮಾಡಿಸಿ ಕೊಡದೆ ಕಳಿಸುತ್ತಿರಲಿಲ್ಲ. ಆ ತಟ್ಟೆ ಹಿತ್ತಲ ಗೂಡಿನಲ್ಲಿ ಬೇರೆಯಾಗಿ ಇರುತ್ತಿತ್ತು. ಎರಡೂ ನಿಜ, ಒಂದನ್ನು ಬರೆದು ಇನ್ನೊಂದನ್ನು ಬಿಡಲಾರೆ.

ಮಾರೆಪ್ಪನವರ ತಲೆಯಲ್ಲಿ ಹೊಸ ನಳವೊಂದು ಮೂಡತೊಡಗಿದ್ದು ಯಾವಾಗ ಎಂದು ಖಚಿತವಾಗಿ ಹೇಳಲಾರೆ. ಒಂದು ದಿನ ಕಿಟಕಿಯ ಹೊರಗಿನಿಂದ ಹೀಗೆಂದರು: "ಅಕ್ಕಾರ, ಈ ನಳ ಮಾಡಿದ ಮಂದಿ ಅಡಗಿಮನಿ ನೋಡಿಲ್ರಿ. ಬಚ್ಚಲಕ್ಕ ಒಂದು ರೂಪ ಮಾಡ್ಯಾರ, ಅದನ್ನ ತಂದು ಇಲ್ಲೂ ಬಡದಾರ. ಬಚ್ಚಲದಾಗ ನೀರು ಹಿಡಿಯೂದಷ್ಟೇ. ಅಡಗಿಮನ್ಯಾಗ ನೀರಿನ ಜೋಡಿ ಸಂಸಾರ ಮಾಡಬೇಕು."

ಆಮೇಲೆ ನನ್ನನ್ನು ಒಂದು ಪ್ರಶ್ನೆ ಕೇಳಿದರು. ಪ್ರತಿ ಸಲ ನಾನು ಪಾನಾ ತಿರುಗಿಸುವಾಗ ಅದು ಗೋಡೆಗೆ ಬಡಿಯುವ ಸದ್ದು ಅವರಿಗೆ ಕೇಳಿಸುತ್ತಿತ್ತಂತೆ. "ಮಗ್ಗಲ ಗ್ವಾಡಿ ಅಷ್ಟು ಹತ್ರ ಅದ ಏನ್ರಿ?"

"ಹೌದ್ರಿ ಮಾರೆಪ್ಪಾರ. ಅರ್ಧ ಸುತ್ತು ಬಂದ್ರ ಬಡೀತದ" ಎಂದೆ.

"ಅದೇ ಮತ್ತ! ಮನಿ ಕಟ್ಟೂ ಮಂದಿ ನಳ ಒಯ್ದು ಮೂಲ್ಯಾಗ ತುರುಕಿರ್ತಾರ. ರಿಪೇರಿ ಮಾಡಾಕ ಜಾಗನ ಇಡಂಗಿಲ್ಲ." ಬೆರಳಿಂದ ಗೋಡೆಯನ್ನು ಮೂರು ಸಲ ತಟ್ಟಿದರು. "ಒಳಗ ಜಾಗ ಇಲ್ಲಂದ್ರ, ಹೊಟ್ಟಿನೇ ಹೊರಗ ತಂದ್ರ ಹ್ಯಾಂಗ?"

ಹೀಗೆ ಹುಟ್ಟಿತು ಅವರ ಗ್ವಾಡಿ ನಳ, ಗೋಡೆಯ ನಳ. ನಳದ ಮೂತಿ ಮತ್ತು ಹಿಡಿಕೆ ಮಾತ್ರ ಅಡುಗೆಮನೆಯೊಳಗೆ. ಸೋರುವ, ಸವೆಯುವ, ಉಪ್ಪು ಕಟ್ಟುವ ಭಾಗಗಳೆಲ್ಲ ಗೋಡೆಯ ಆಚೆ, ಹಿತ್ತಲ ಕಡೆ. ಎರಡಕ್ಕೂ ನಡುವೆ ಗೋಡೆ ತೂರಿ ಹೋಗುವ ಒಂದು ಹಿತ್ತಾಳೆ ಸರಳು. ವಾಶರ್ ಹೋದರೆ ಹೊರಗೆ ನಿಂತೇ ಬಿಚ್ಚಬಹುದು, ಹೊರಗೆ ನಿಂತೇ ಕೂಡಿಸಬಹುದು. ಅಡುಗೆಮನೆಯಲ್ಲಿ ಒಂದು ಹನಿ ಚೆಲ್ಲದು, ಒಲೆಯ ಮೇಲಿನ ಅನ್ನ ಕೆಳಗಿಳಿಸಬೇಕಿಲ್ಲ.

ಅವರು ಅದನ್ನು ಹಳೆಯ ಮದುವೆ ಪತ್ರಿಕೆಗಳ ಬೆನ್ನಿಗೆ, ಬಡಿಗರ ದಪ್ಪ ಪೆನ್ಸಿಲಿನಿಂದ ಬರೆಯುತ್ತಿದ್ದರು. ಅಳತೆ ಹಾಕಿ ಕೊಡುವವಳು ನಾನು. ಹಿತ್ತಾಳೆ ಕೊರೆಯಲು ರಾಯಚೂರಿನಲ್ಲಿ ಲೇತ್ ಅಂಗಡಿಗಳು ಬೇಕಾದಷ್ಟಿದ್ದರೂ ಅವರಿಗೆ ಮಾನ್ವಿಯ ಖಾದರ್ ಸಾಬರ ಕೈಯೇ ಬೇಕು. ಹಾಗಾಗಿ ಚಿತ್ರ ಒಯ್ಯುವುದು, ತುಂಡು ತರುವುದು ನನ್ನ ಪಾಲಿಗೆ ಬಂತು. ಎಷ್ಟೋ ಸಂಜೆ ನನ್ನ ಊಟದ ಡಬ್ಬಿಯ ಚೀಲದಲ್ಲಿ ಎಣ್ಣೆ ವಾಸನೆಯ ಹಿತ್ತಾಳೆ ಮಾನ್ವಿಯಿಂದ ರಾಯಚೂರಿಗೆ ಬಸ್ಸಿನಲ್ಲಿ ಬಂದಿದೆ. ಖಾದರ್ ಸಾಬರು ನನ್ನನ್ನು ಕಂಡ ಕೂಡಲೇ ನಗುತ್ತಿದ್ದರು: "ಏನ್ರಿ ಅಕ್ಕಾರ, ನಿಮ್ಮ ಮಾರೆಪ್ಪನ ಕೂಸು ಇನ್ನಾ ಹುಟ್ಟವಲ್ದೇನು? ಒಂಬತ್ತು ತಿಂಗಳ ಮುಗದು ಯಾವ ಜಮಾನಾ ಆತು!"

ಈ ನಡುವೆ ಅತ್ತೆ ತೀರಿಕೊಂಡರು. ಅದಾಗಿ ಒಂದು ತಿಂಗಳಿಗೆ ನಳ ಸೋರಿತು. ಮಾರೆಪ್ಪನವರು ಬಂದು, ಅತ್ತೆಯ ಬಗ್ಗೆ ಎರಡು ಒಳ್ಳೆಯ ಮಾತಾಡಿ, ಕಿಟಕಿಯ ಹೊರಗೆ ತಮ್ಮ ಜಾಗದಲ್ಲಿ ನಿಂತರು. ನಾನು ಒಳಗೆ ಹೋಗಿ ಪಾನಾ ಎತ್ತಿಕೊಂಡೆ. ಆ ದಿನ ಅವರನ್ನು ಒಳಗೆ ಕರೆಯಲು ನನಗೆ ಯಾವ ಅಡ್ಡಿಯೂ ಇರಲಿಲ್ಲ. ಗಂಡನ ತಕರಾರು ಇರಲಿಲ್ಲ, ನೋಡುವವರೂ ಇರಲಿಲ್ಲ. ಬೇಡವೆಂದು ನಿರ್ಧರಿಸಿ ಕರೆಯದೆ ಇದ್ದದ್ದಲ್ಲ. ನೆನಪೇ ಆಗಲಿಲ್ಲ. ಮತ್ತೆ ಆರು ವರ್ಷ ನೆನಪಾಗಲಿಲ್ಲ. ನಿರ್ಧರಿಸಿ ಕರೆಯದಿದ್ದರೆ ಅದಕ್ಕೊಂದು ಹೆಸರಿರುತ್ತಿತ್ತು. ಇದಕ್ಕೆ ಏನು ಹೆಸರು ಎಂದು ನನಗೆ ಇನ್ನೂ ತಿಳಿದಿಲ್ಲ.

ಗ್ವಾಡಿ ನಳದ ಮೊದಲ ನಮೂನೆಯನ್ನು ನಮ್ಮ ಮನೆಯಲ್ಲೇ ಕೂಡಿಸಿದರು. ಗೋಡೆಗೆ ರಂಧ್ರ ಕೊರೆದದ್ದೂ ಹೊರಗಿನಿಂದಲೇ. ಒಳಗೆ ಬಂದ ಸರಳಿಗೆ ಹಿಡಿಕೆ ಸಿಕ್ಕಿಸಿದವಳು ನಾನು. "ಬಿಡ್ರಿ" ಎಂದರು. ಬಿಡುವ ಕಡೆಗೆ ತಿರುಗಲಿಲ್ಲ, ಇನ್ನೊಂದು ಕಡೆಗೆ ತಿರುಗಿಸಿದೆ, ನೀರು ಬಂತು. "ಬಂದ್ ಮಾಡ್ರಿ" ಎಂದರು. ರೂಢಿಯಂತೆ, ಎಲ್ಲ ನಳದಂತೆ ತಿರುಗಿಸಿದೆ. ನೀರು ಇನ್ನೂ ಜೋರಾಯಿತು. ಗಾಬರಿಯಲ್ಲಿ ಇನ್ನೂ ಬಿಗಿದೆ. ತೊಟ್ಟಿ ತುಂಬಿ, ಕಟ್ಟೆ ತುಂಬಿ, ಹಿಟ್ಟಿನ ಡಬ್ಬಿಯ ಬುಡಕ್ಕೆ ನೀರು ಹೋಯಿತು. ಹೊರಗೆ ಮಾರೆಪ್ಪನವರು ನಗಲು ಶುರುಮಾಡಿದವರು ನಿಲ್ಲಿಸಲೇ ಇಲ್ಲ.

"ತಪ್ಪು ನಿಮ್ಮದಲ್ರಿ ಅಕ್ಕಾರ! ಯಂತ್ರದ ಮುಖ ನನ್ನ ಕಡಿ ಅದ. ಹೊರಗ ನಿಂತು ಮಾಡೀನ್ರಿ ನಾನು. ನನಗ ಬಂದ್ ಆಗೂದು ನಿಮಗ ಬಿಟ್ಟಂಗ ಆಗತದ!"

ಖಾದರ್ ಸಾಬರು ಉಲ್ಟಾ ತಿರುಗುವ ಥ್ರೆಡ್ ಕೊರೆದು ಕೊಟ್ಟ ಮೇಲೆ ಅದು ಸರಿಯಾಯಿತು. ಆಮೇಲೆ ಬೇಸಿಗೆ ಬಂತು. ಹೊರಗಿನ ಹಿತ್ತಾಳೆ ಬಿಸಿಲಿಗೆ ಕಾಯ್ದು ಒಳಗೆ ಮೊದಲ ಚೆಂಬು ನೀರು ಸುಡತೊಡಗಿತು. ಅದಕ್ಕೆ ಇಟ್ಟಿಗೆಯ ಪುಟ್ಟ ಗೂಡು ಕಟ್ಟಿ, ತಗಡಿನ ಮುಚ್ಚಳ ಹಾಕಿ, ಒಳಗೆ ಗೋಣಿಚೀಲದ ತುಂಡು ಸುತ್ತಿದರು. ಒಂದೊಂದು ತೊಡಕನ್ನೂ ಬಿಡಿಸುವಾಗ ಅವರ ಮುಖದಲ್ಲಿ ಇದ್ದದ್ದು ಸಂತೋಷ ಎನ್ನುವುದಕ್ಕಿಂತ ಅವಸರ. ಕಾರಣವನ್ನು ಒಮ್ಮೆ ಅವರೇ ಹೇಳಿದರು. ಬಲಗಿವಿ ಮಂದವಾಗತೊಡಗಿತ್ತು. ಎಡಗಿವಿ ಮೊದಲೇ ಅಷ್ಟಕ್ಕಷ್ಟೆ.

"ಇದು ಪೂರಾ ಹೋಗೂದ್ರಾಗ ನನ್ನ ನಳ ಒಂದು ನಾಕು ಮಂದಿ ಅಡಗಿಮನ್ಯಾಗ ನಿಲ್ಲಬೇಕ್ರಿ. ಕಿವಿ ಹೋದ ಮ್ಯಾಲ ನಾ ಯಾವ ಮಿಸ್ತ್ರಿ? ಬರೀ ಪಾನಾ ಹೊತ್ತ ಮುದುಕ."

ನಾಲ್ಕಲ್ಲ, ನಲವತ್ತು ಅಡುಗೆಮನೆಗಳ ಅವಕಾಶ ಬಂತು. ಯರಗೇರಾ ರಸ್ತೆಯಲ್ಲಿ ಮನೆಗಳನ್ನು ಕಟ್ಟಿಸುತ್ತಿದ್ದ ಒಬ್ಬ ಕಾಂಟ್ರಾಕ್ಟರರು ಗ್ವಾಡಿ ನಳದ ಸುದ್ದಿ ಕೇಳಿ, ನೋಡಲು ನಮ್ಮ ಮನೆಗೆ ಬಂದರು. ಮಾರೆಪ್ಪನವರು ಅಂದು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಹಿತ್ತಲಲ್ಲಿ ಗೂಡಿನ ಮುಚ್ಚಳ ತೆಗೆದು, ಎಲ್ಲವನ್ನೂ ಬಿಚ್ಚಿ ತೋರಿಸಿ, ಒಂದು ನಿಮಿಷದೊಳಗೆ ವಾಶರ್ ಬದಲಿಸಿ ಕೂಡಿಸಿದರು. ಕಾಂಟ್ರಾಕ್ಟರರು "ಭೇಷ್" ಎಂದು ನೇರವಾಗಿ ಅಡುಗೆಮನೆಯೊಳಗೆ ಬಂದರು. ನಾನು ಅವರ ಹಿಂದೆ ಬಂದೆ. ಮಾರೆಪ್ಪನವರು ಹೊರಗೇ ಉಳಿದರು.

ಕಾಂಟ್ರಾಕ್ಟರರು ಹಿಡಿಕೆ ತಿರುಗಿಸಿದರು, ನೀರಿಗೆ ಕೈಯೊಡ್ಡಿದರು. ಆಮೇಲೆ ನನಗೆ ಹೇಳಿದರು. ಗುಟ್ಟಿನ ದನಿಯಲ್ಲಲ್ಲ, ಮಾಮೂಲಿ ದನಿಯಲ್ಲೇ:

"ಇದೇ ಬೇಕಾಗಿತ್ತು ನೋಡ್ರಿ ಮೇಡಂ, ನಮ್ಮಂಥ ಮನಿಯವ್ರಿಗೆ. ಈಗೆಲ್ಲ ಎಂಥೆಂಥವ್ರು ಕೆಲಸಕ್ಕ ಬರತಾರ. ಯಾವ ಕೇರಿ ಅಂತ ಕೇಳಂಗಿಲ್ಲ, ಕೇಳಿದ್ರ ಕೇಸು. ಕೇಳದ ಒಳಗ ಬಿಟ್ಟುಕೊಂಡ್ರ ಮನ್ಯಾಗ ಹಿರೇರು ಬೈತಾರ. ಇದು ಚಲೋ ಆತು. ಕೇಳೂದೂ ಬ್ಯಾಡ, ಒಳಗ ಕರಿಯೂದೂ ಬ್ಯಾಡ. ಹೊರಗ ಬರ್ಲಿ, ಹೊರಗೇ ಹೋಗ್ಲಿ."

ತಲೆಯಾಡಿಸಿದೆನೋ ಇಲ್ಲವೋ ನೆನಪಿಲ್ಲ. ಆಡಿಸಲಿಲ್ಲ ಎಂದು ಬರೆಯಲು ಕೈ ಬರುತ್ತಿಲ್ಲ.

ಕಾಂಟ್ರಾಕ್ಟರರು ಕಿಟಕಿಯತ್ತ ತಿರುಗಿ ಕೂಗಿದರು: "ಏನೋ ಮಾರೆಪ್ಪ, ನಲವತ್ತು ನಳ ಯಾವಾಗ ಕೊಡ್ತಿ?"

ಉತ್ತರ ಬರಲಿಲ್ಲ. ಕಿವಿ ಮಂದವಾದ್ದರಿಂದ ಕೇಳಿಸಿಲ್ಲವೇನೋ, ಮೊದಲಿನ ಮಾತೂ ಕೇಳಿಸಿರಲಿಕ್ಕಿಲ್ಲ ಎಂದು ನಾನು ಒಂದು ಕ್ಷಣ ಆಸೆಪಟ್ಟೆ. ಅಷ್ಟರಲ್ಲಿ ನಳದಿಂದ ಬೀಳುತ್ತಿದ್ದ ನೀರು ಸಣ್ಣದಾಗಿ, ಎಳೆಯಾಗಿ, ನಿಂತಿತು. ಹೊರಗಿನಿಂದ ಅವರು ಬಂದ್ ಮಾಡಿದ್ದರು.

"ನಳ ಇನ್ನಾ ಆಗಿಲ್ರಿ ಧಣೇರ."

"ಆಗ್ಯದಲ್ಲೋ ಮಾರಾಯ! ಈಗ ನೀರು ಬರಾಕತ್ತಿತ್ತಲ್ಲ?"

"ನೀರು ಬರತದ್ರಿ. ನಳ ಆಗಿಲ್ಲ."

ಕಾಂಟ್ರಾಕ್ಟರರು ಮತ್ತೆರಡು ಸಲ ಕೇಳಿದರು, ನಕ್ಕರು, ಬೇಸರಪಟ್ಟರು, ಹೋದರು. ನಾನು ಹಿತ್ತಲಿಗೆ ಹೋದೆ. ಮಾರೆಪ್ಪನವರು ಗೂಡಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಆ ಹಿತ್ತಾಳೆಯ ಗಡ್ಡೆಯನ್ನು ನೋಡುತ್ತಿದ್ದರು. ಬಿಳಿ ಅಂಗಿಯ ತೋಳಿಗೆ ಎಣ್ಣೆಯ ಕಲೆಯಾಗಿತ್ತು. ಏನಾದರೂ ಹೇಳಬೇಕಿತ್ತು. ಹದಿನೆಂಟು ವರ್ಷಗಳಲ್ಲಿ ಮೊದಲ ಬಾರಿಗೆ ನಾನು ಹೇಳಿದೆ:

"ಮಾರೆಪ್ಪಾರ, ಒಳಗ ಬರ್ರಿ. ಚಾ ಕುಡಿಯೂಣು."

ಅವರು ತಲೆಯೆತ್ತಿದರು. ವ್ಯಂಗ್ಯವಿರಲಿಲ್ಲ, ಸಿಟ್ಟಿರಲಿಲ್ಲ, ನಿಜವಾಗಿಯೂ ಲೆಕ್ಕ ತಪ್ಪಿದವರ ಮುಖ ಅದು. ನನ್ನ ತರಗತಿಯಲ್ಲಿ ಆ ಮುಖವನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

"ಒಳಗೇನದರಿ ಅಕ್ಕಾರ ನನ್ನ ಕೆಲಸ? ಎಲ್ಲಾ ಹೊರಗ ತಂದಿಟ್ಟೀನಲ್ಲ. ನಾನೇ." ಆಮೇಲೆ ಮುಚ್ಚಳ ಹಾಕುತ್ತ, ತಮಗೆ ತಾವೇ ಹೇಳಿಕೊಂಡರು: "ಆ ಧಣಿ ಹೇಳಿದ್ದು ಖರೇನ ಅದ. ಅವ ಬಾಯಿಲೆ ಅಂದ. ನಾ ಹಿತ್ತಾಳಿಲೆ ಮಾಡೀನಿ."

ಚಹಾವನ್ನು ಹೊರಗೆ ತಂದೆ. ಕುಡಿದರು. ಲೋಟವನ್ನು ತೊಳೆದು, ತಮ್ಮ ತಟ್ಟೆಯಿರುತ್ತಿದ್ದ ಹಿತ್ತಲ ಗೂಡಿನಲ್ಲಿಟ್ಟು ಹೋದರು. ಬೇಡವೆಂದು ನಾನು ಹೇಳುವಷ್ಟರಲ್ಲಿ ತೊಳೆದಾಗಿತ್ತು.

ಅದಾದ ಮೇಲೆ ಒಂದು ವರ್ಷ ಅವರು ನಮ್ಮ ಮನೆ ಕಡೆ ಬರಲಿಲ್ಲ. ರಾಯಚೂರು ಬಿಟ್ಟು ದೇವದುರ್ಗದಲ್ಲಿ ಮಗಳ ಮನೆ ಸೇರಿದ್ದಾರೆಂದು ಖಾದರ್ ಸಾಬರಿಂದ ತಿಳಿಯಿತು. ಮಗಳು ಸುಜಾತಾ ಅಲ್ಲಿ ಐಟಿಐಯಲ್ಲಿ ಕಲಿಸುತ್ತಾಳೆ. "ಈಗ ಚಿತ್ರ ಅಕಿ ತರತಾಳ್ರಿ. ನಿಮಗಿಂತ ಚೆಂದ ಬರೀತಾಳ" ಎಂದು ಖಾದರ್ ಸಾಬರು ನನ್ನನ್ನು ಚುಚ್ಚಿದರು. ಏನು ಮಾಡಿಸುತ್ತಿದ್ದಾರೆಂದು ಕೇಳಿದರೆ ಬಾಯಿ ಬಿಡಲಿಲ್ಲ.

ಒಂದು ದಿನ ಸುಜಾತಾಳ ಫೋನು ಬಂತು. "ಅಕ್ಕಾರ, ಅಪ್ಪ ನಿಮ್ಮನ್ನ ಕರೀತಾನ್ರಿ. ನಳ ಆಗ್ಯದಂತ ಹೇಳು ಅಂದ." ಮತ್ತೆ ಅಂದಳು: "ಜಲ್ದಿ ಬರ್ರಿ. ಹಾರ್ಟ್ ನೆಟ್ಟಗಿಲ್ಲ. ಕಿವಿ ಅಂತೂ ಪೂರಾ ಹೋಗ್ಯದ, ಹತ್ರ ನಿಂತು ಒದರಬೇಕು."

ಭಾನುವಾರ ದೇವದುರ್ಗಕ್ಕೆ ಹೋದೆ. ಸಣ್ಣ, ಚೊಕ್ಕ ಮನೆ. ಗೋಡೆಯ ಮೇಲೆ ಬುದ್ಧನ ಚಿತ್ರ, ಅದರ ಕೆಳಗೆ ಸುಜಾತಾಳ ಡಿಪ್ಲೊಮಾದ ಫೋಟೊ. ಮಾರೆಪ್ಪನವರು ಮಂಚದ ಮೇಲೆ ಕೂತಿದ್ದರು, ಅರ್ಧಕ್ಕರ್ಧ ಇಳಿದುಹೋಗಿದ್ದರು. ನನ್ನನ್ನು ಕಂಡವರೇ ಎದ್ದು, ಸುಜಾತಾ ಬೇಡವೆಂದರೂ ಕೇಳದೆ, ನಡೆಯುತ್ತಲೇ ಹೇಳಿದರು: "ಬರ್ರಿ, ಬರ್ರಿ. ಅಡಗಿಮನ್ಯಾಗ ಬರ್ರಿ."

ಅಡುಗೆಮನೆಯಲ್ಲಿ, ತೊಟ್ಟಿಯ ಮೇಲೆ, ಗೋಡೆಯ ಈಚೆ, ಎಲ್ಲರಿಗೂ ಕಾಣುವಂತೆ ಅವರ ಹೊಸ ನಳವಿತ್ತು. ಮುಷ್ಟಿಯಷ್ಟು ದೊಡ್ಡದು. ಎಲ್ಲವೂ ಒಳಗೇ. ಸುಜಾತಾ ವಿವರಿಸಿದಳು: ಇದನ್ನು ಬಿಚ್ಚಲು ಪಾನಾ ಬೇಡ, ಮಿಸ್ತ್ರಿಯೂ ಬೇಡ. ಹಿಡಿಕೆಯನ್ನು ಬಂದ್ ಆದ ಮೇಲೂ ಇನ್ನೊಂದು ಸುತ್ತು ತಿರುಗಿಸಿ ಎಳೆದರೆ ಒಳಗಿನ ಯಂತ್ರವೆಲ್ಲ ಕೈಗೆ ಬರುತ್ತದೆ. ಆಗ ನೀರು ಚಿಮ್ಮುವುದಿಲ್ಲ. ಒಳಗಿರುವ ಒಂದು ಗುಂಡು ನೀರಿನ ಒತ್ತಡಕ್ಕೇ ಮುಂದೆ ಬಂದು ಬಾಯಿ ಮುಚ್ಚುತ್ತದೆ. ವಾಶರ್ ಬದಲಿಸಿ ಮತ್ತೆ ತುರುಕಿದರೆ ಗುಂಡು ಹಿಂದೆ ಸರಿಯುತ್ತದೆ. ಟಾಕಿ ಬಂದ್ ಮಾಡಲು ಮಾಳಿಗೆ ಹತ್ತಬೇಕಿಲ್ಲ. ಮನೆಯಲ್ಲಿರುವವರು ಯಾರಾದರೂ ಮಾಡಬಹುದು.

"ಹಿಡಿಕಿ ನೋಡ್ರಿ" ಎಂದರು ಮಾರೆಪ್ಪನವರು. ಬೆರಳುಗಳು ಕೂರಲು ಅದರಲ್ಲಿ ನಯವಾದ ತಗ್ಗುಗಳಿದ್ದವು, ಹೆಬ್ಬೆರಳಿಗೆ ಬೇರೆಯೇ ಒಂದು. "ಎಣ್ಣಿ ಕೈಲೆ ಹಿಡದ್ರೂ ಜಾರಂಗಿಲ್ಲ. ನೀವೇ ಬಿಚ್ಚಿ ತೋರಸ್ರಿ ಈಗ. ನಿಮ್ಮಷ್ಟು ನನ್ನ ಹತ್ರ ಕೆಲಸ ಕಲತವ್ರು ಯಾರೂ ಇಲ್ಲ."

ನಾನು ಹಿಡಿಕೆಗೆ ಕೈ ಹಾಕಿದೆ. ಹಿಂದೆಲ್ಲ ಅವರು ಕಿವಿಯಿಂದ ನನ್ನ ಕೆಲಸ ಕೇಳುತ್ತಿದ್ದರು. ಈಗ ಕಿವಿಯಿಲ್ಲದ್ದರಿಂದ ಪಕ್ಕದಲ್ಲಿ ನಿಂತು, ಬಗ್ಗಿ, ನನ್ನ ಕೈಯನ್ನೇ ನೋಡುತ್ತಿದ್ದರು. ಬೆರಳುಗಳು ತಗ್ಗಿನಲ್ಲಿ ಕೂರಲಿಲ್ಲ. ಹೆಬ್ಬೆರಳಿನ ತಗ್ಗು ಎಲ್ಲೋ ಆಚೆ ಉಳಿಯಿತು. ಎರಡು ಸಲ ಜಾರಿತು.

"ಆ ಕೈಲೆ ಯಾಕ್ರಿ?" ಎಂದರು ಮಾರೆಪ್ಪನವರು.

"ನಂದು ಎಡಗೈನೇ."

"ಆಂ?"

ಸುಜಾತಾ ಅವರ ಕಿವಿಯ ಹತ್ತಿರ ಒದರಿದಳು: "ಅಕ್ಕಾರು ಎಡಚರಂತಪಾ!"

"ಯಾವಾಗಿಂದ?"

"ಹುಟ್ಟಿದಾಗಿಂದ!" ಎಂದು ನಾನೂ ಒದರಿದೆ. ಸುಜಾತಾ ನಕ್ಕಳು. ಮಾರೆಪ್ಪನವರು ನಗಲಿಲ್ಲ.

"ಚಾ ಕೊಡಾಗ ಬಲಗೈಲೆ ಕೊಡ್ತಿದ್ರಿ."

"ಎಡಗೈಲೆ ಕೊಟ್ರ ಅತ್ತಿ ಬೈತಿದ್ರು." ಅದು ನಿಜ. ಊಟಕ್ಕೆ, ಬಡಿಸುವುದಕ್ಕೆ, ದೀಪ ಹಚ್ಚುವುದಕ್ಕೆ ನನ್ನ ಎಡಗೈಯನ್ನು ಬಿಡಿಸಿದ್ದರು. ಪಾನಾ ಹಿಡಿಯುವ ಕೈಯನ್ನು ಮಾತ್ರ ಯಾರೂ ತಿದ್ದಿರಲಿಲ್ಲ. ಪಾನಾ ಹಿಡಿಯುವ ಸೊಸೆಗೆ ಯಾವ ಕೈ ಎಂಬ ಶಾಸ್ತ್ರ ಇರಲಿಲ್ಲ.

ಮಾರೆಪ್ಪನವರು ತೊಟ್ಟಿಯ ಅಂಚು ಹಿಡಿದುಕೊಂಡರು. ಅವರ ಕಣ್ಣು ನನ್ನ ಕೈಯಿಂದ ಪಕ್ಕದ ಗೋಡೆಗೆ, ಗೋಡೆಯಿಂದ ಕೈಗೆ ಹೋಗಿಬಂತು. ಏನು ಲೆಕ್ಕ ಹಾಕುತ್ತಿದ್ದಾರೆಂದು ನನಗೆ ತಿಳಿಯಿತು.

"ನಿಮ್ಮ ಮನ್ಯಾಗ ಗ್ವಾಡಿ ಎಡಕ್ಕ ಇತ್ತು."

"ಹೌದ್ರಿ."

"ಪಾನಾ ಬಡೀತಿದ್ದದ್ದು ಅದಕ್ಕ. ಎಡಗೈ ತಿರುವಿದ್ರ ಬಡೀಲೇಬೇಕು." ನಿಧಾನಕ್ಕೆ ಕೇಳಿದರು: "ಬಲಕ್ಕ ಜಾಗ ಇತ್ತೇನು?"

ಇತ್ತು. ಎರಡು ಗೇಣಿಗಿಂತ ಹೆಚ್ಚು. ಕೊಡ ಇಡುತ್ತಿದ್ದದ್ದು ಅಲ್ಲೇ. ನಾನು ಎರಡು ಗೇಣು ಹಿಡಿದು ತೋರಿಸಿದೆ.

ನನ್ನ ಎರಡು ಗೇಣನ್ನು ಅವರು ಬಹಳ ಹೊತ್ತು ನೋಡಿದರು. ಅಡುಗೆಮನೆಯೊಳಗೆ ಜಾಗವೇ ಇಲ್ಲವೆಂದು ನಂಬಿ ಅಷ್ಟು ವರ್ಷ ಬರೆದದ್ದು, ಕೊರೆಸಿದ್ದು, ಗೋಡೆ ತೂರಿಸಿದ್ದು ಎಲ್ಲ ಆ ಎರಡು ಗೇಣಿನಲ್ಲಿತ್ತು. ಗೋಡೆ ಹತ್ತಿರವಿದೆಯೇ ಎಂದು ಅವರು ಕೇಳಿದಾಗ ಹೌದೆಂದವಳು ನಾನು. ನನ್ನ ಮಟ್ಟಿಗೆ ಅದು ಸುಳ್ಳಾಗಿರಲಿಲ್ಲ.

"ಒಮ್ಮಿ ನೋಡಿದ್ರ ಸಾಕಿತ್ತಲ್ರಿ ಅಕ್ಕಾರ" ಎಂದರು. "ಒಂದೇ ಒಮ್ಮಿ."

ದೂರು ಇರಲಿಲ್ಲ ಆ ಮಾತಿನಲ್ಲಿ. ಇದ್ದಿದ್ದರೆ ಅದಕ್ಕೆ ಉತ್ತರ ಕೊಡಬಹುದಿತ್ತು.

ಆಮೇಲೆ ಅವರು ಬೇರೆಯದೇ ಮನುಷ್ಯರಾದರು. ಅಂದರೆ, ಮೊದಲಿನ ಮಾರೆಪ್ಪನವರಾದರು. "ಏ ಸುಜಾತಾ, ಕಾಗದ ತಾ. ಹಿಡಿಕಿ ತಪ್ಪಾಗ್ಯದ. ಬಲಗೈಗಷ್ಟೇ ಮಾಡೀನಿ. ಎಡಚರು ನೀರು ಕುಡಿಯಂಗಿಲ್ಲೇನು?"

"ಅಪ್ಪಾ, ಕೂಡು. ನಾಳಿ ಮಾಡಿದ್ರಾತು."

"ನಾಳಿ ಅಕ್ಕಾರು ಸಾಲಿಗೆ ಹೋಗ್ತಾರ. ಕೈ ಇವತ್ತು ಅದ."

ಸುಜಾತಾ ಕ್ಯಾಲೆಂಡರಿನ ಒಂದು ಹಾಳೆ ಹರಿದು ತಂದಳು. ಒಲೆಯ ಪಕ್ಕದ ಕಟ್ಟೆಯನ್ನು ಒರೆಸಿ, ಹಾಳೆಯನ್ನು ಬೋರಲಾಗಿ ಹಾಸಿದರು. ಕಿವಿಯ ಸಂದಿಯಿಂದ ಪೆನ್ಸಿಲು ತೆಗೆದರು. ನಾನು ಕೈ ಮುಂದೆ ಮಾಡಬೇಕೋ ಬೇಡವೋ ಎಂದು ಯೋಚಿಸುವಷ್ಟರಲ್ಲಿ ಅವರೇ ನನ್ನ ಎಡ ಮಣಿಕಟ್ಟನ್ನು ಹಿಡಿದು ಹಾಳೆಯ ಮೇಲಿಟ್ಟು ಒತ್ತಿದರು. ಅವರ ಅಂಗೈ ಉಪ್ಪುಕಾಗದದ ಹಾಗಿತ್ತು. "ಅಲ್ಲಾಡಬ್ಯಾಡ್ರಿ" ಎಂದು, ಕಿರುಬೆರಳಿನಿಂದ ಶುರುಮಾಡಿ, ಒಂದೊಂದೇ ಬೆರಳಿನ ಸುತ್ತ ಗೆರೆ ಎಳೆದರು.

ಮೂರು ವಾರಕ್ಕೆ ಮಾರೆಪ್ಪನವರು ತೀರಿಕೊಂಡರು. ಎರಡೂ ಕೈಗೆ ಒಗ್ಗುವ ಹಿಡಿಕೆಯನ್ನು ಸುಜಾತಾ ಈಗಲೂ ತಿದ್ದುತ್ತಿದ್ದಾಳೆ. ಹಾಳೆ ಅವಳ ಹತ್ತಿರ ಇದೆ. ಮೊನ್ನೆ ಹೋದಾಗ ತೋರಿಸಿದಳು. ನಾಲ್ಕು ಬೆರಳಿನ ಗೆರೆ ಖಚಿತವಾಗಿದೆ, ಅಳತೆ ಹಾಕಬಹುದು. ಹೆಬ್ಬೆರಳಿನ ಹತ್ತಿರ ಮಾತ್ರ ಗೆರೆ ನಡುಗಿದೆ. ನಡುಗಿದ್ದು ಅವರ ಕೈಯೋ, ನನ್ನದೋ, ಹೇಳಲಾರೆ.